ಬಾರದ ಬೂಟು

ಜೆರಾಕ್ಸ್ ಅಕ್ಕನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಒಂದೇ ಒಂದು. ಅವಳ ಅಣ್ಣ ಅವಳ ಮನೆಯ ಹೊಸ್ತಿಲು ದಾಟಿ ಬಂದು, ಅವಳ ಗಂಡನ ಜೊತೆ ಒಂದೇ ಮೇಜಿಗೆ ಕೂತು ಊಟ ಮಾಡಬೇಕು. ಇದೇನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು. ಅನ್ನಿಸಿದವರು ಆ ಇಬ್ಬರು ಗಂಡಸರ ನಡುವೆ ಒಂದು ದಿನ ಬಾಳಿ ನೋಡಲಿ. ಮೂವತ್ತು ವರ್ಷದಿಂದ ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆಸ್ತಿಯ ಜಗಳವಲ್ಲ, ಹೆಣ್ಣಿನ ಜಗಳವಲ್ಲ. ಒಂದು ಪುಸ್ತಕದ ಜಗಳ. ಪುಸ್ತಕದ್ದೂ ಅಲ್ಲ, ಅದರೊಳಗಿನ ಒಂದು ಫೋಟೋದ್ದು.

ಮೊದಲು ಅವರು ಹೀಗಿರಲಿಲ್ಲ. ಇಬ್ಬರೂ ಒಂದೇ ತುಕಡಿಯ ಸಿಪಾಯಿಗಳು. ಒಮ್ಮೆ ರಜೆಗೆ ಬರುವಾಗ ಅಣ್ಣ ಜೊತೆಗೊಬ್ಬ ಗೆಳೆಯನನ್ನು ಕರೆತಂದ, ಆ ಗೆಳೆಯನಿಗೇ ತಂಗಿಯನ್ನು ಕೊಟ್ಟ. ಅಂದಿನಿಂದ ಇವನು ಅವನಿಗೆ ಭಾವ, ಅವನು ಇವನಿಗೆ ಭಾವ. ಮದುವೆಯಾದ ಮರುವರ್ಷ ಯುದ್ಧ ಶುರುವಾಯಿತು. ಬೆಟ್ಟದ ಮೇಲೆ ಸೋತು ಹಿಂದಕ್ಕೆ ಬರುವಾಗ, ಒಂದು ಹೊಳೆಯ ಬಳಿ, ಇವರಲ್ಲಿ ಒಬ್ಬ ಇನ್ನೊಬ್ಬನನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ. ಇಬ್ಬರೂ ಬದುಕಿ ಬಂದರು. ಗಂಡನ ಎಡಗಿವಿ ಶೆಲ್ಲಿನ ಸದ್ದಿಗೆ ಪೂರ್ತಿ ಹೋಗಿತ್ತು. ಅಣ್ಣನ ತೊಡೆಗೆ ಗುಂಡು ಹೊಕ್ಕಿತ್ತು, ಎಡಗಾಲಿನ ಎರಡು ಬೆರಳು ಚಳಿಗೆ ಕಪ್ಪಾಗಿ ಕೊಳೆತಿದ್ದವು. ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ. ಯಾರು ಯಾರನ್ನು ಹೊತ್ತರು ಎಂದು ಆಗ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಲಗಿದಲ್ಲಿಂದಲೇ ಇಬ್ಬರೂ ಸೇರಿ ಬೈಯುತ್ತಿದ್ದದ್ದು ಬೂಟಿನ ವಿಷಯಕ್ಕೆ.

ಬೂಟಿನ ಕಥೆ ಮನೆಮಂದಿಗೆಲ್ಲ ಬಾಯಿಪಾಠ. ಆ ತುಕಡಿಗೆ ಚಳಿಗಾಲದ ಬೂಟು ಬರಲೇ ಇಲ್ಲ. ಮೈದಾನದಲ್ಲಿ ಓಡಲೆಂದು ಕೊಟ್ಟಿದ್ದ ಕ್ಯಾನ್ವಾಸ್ ಶೂಗಳಲ್ಲೇ ಅವರನ್ನು ಹಿಮದ ಮೇಲೆ ಕಳಿಸಿದರು. ಬೂಟು ನಾಳೆ ಬರುತ್ತದೆ ಎಂದರು, ನಾಡಿದ್ದು ಎಂದರು. ಬೂಟಿಗಿಂತ ಮೊದಲು ಶತ್ರು ಬಂದ. ಅಲ್ಲಿದ್ದ ತುಕಡಿಗಳಲ್ಲಿ ಕಾಲಿಗೆ ಬೂಟಿಲ್ಲದೆ ಹೋರಾಡಿದ್ದು ತಮ್ಮದೊಂದೇ ಎಂದು ಅಣ್ಣ ಹೇಳುವಾಗ ಅವನ ದನಿಯಲ್ಲಿ ಸಿಟ್ಟೂ ಇರುತ್ತಿತ್ತು, ಜಂಬವೂ ಇರುತ್ತಿತ್ತು. ಗಂಡ ಅಂತೂ ಮಗಳಿಗೆ ಶಾಲೆಗೆ ಕ್ಯಾನ್ವಾಸ್ ಶೂ ಕೊಡಿಸಲು ಒಪ್ಪದೆ ಮೇಷ್ಟರ ಹತ್ತಿರ ಕಾಲು ಕೆರೆದು ಜಗಳ ತೆಗೆದಿದ್ದ.

ಪುಸ್ತಕ ಬಂದದ್ದು ಆಮೇಲೆ, ಇಬ್ಬರೂ ಸೈನ್ಯ ಬಿಟ್ಟು ಒಂದೇ ಊರಿನಲ್ಲಿ ನೆಲೆ ನಿಂತ ಮೇಲೆ. ಅಣ್ಣ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದ. ಕ್ಲಚ್ ಒತ್ತುವ ಕಾಲಿನಲ್ಲಿ ಎರಡು ಬೆರಳಿಲ್ಲದೆಯೂ ಅರ್ಧ ಊರಿಗೆ ಕಾರು ಕಲಿಸಿದ. ಇವಳು ಮನೆಯ ಮುಂದಿನ ಕೋಣೆಯಲ್ಲೇ ಜೆರಾಕ್ಸ್ ಅಂಗಡಿ ತೆರೆದು ಊರಿಗೆಲ್ಲ ಜೆರಾಕ್ಸ್ ಅಕ್ಕನಾದಳು, ಅದರ ಮೂಲೆಯಲ್ಲಿ ಗಂಡ ಬೀಗದ ಕೈ ಮಾಡಲು ಕೂತ. ಪುಸ್ತಕ ಬರೆದವರು ನಿವೃತ್ತ ದೊಡ್ಡ ಅಧಿಕಾರಿ. ಆ ಯುದ್ಧದ ಮೇಲೆ ಬಂದ ಪುಸ್ತಕಗಳಲ್ಲೆಲ್ಲ ಅದಕ್ಕೇ ಹೆಸರು, ಕಾಲೇಜುಗಳಲ್ಲಿ ಪಾಠಕ್ಕೂ ಇಟ್ಟರು. ಇಟ್ಟಿಗೆಯಷ್ಟು ದಪ್ಪ, ನಡುವೆ ನುಣುಪು ಕಾಗದದ ಮೇಲೆ ಫೋಟೋಗಳು. ಅದರಲ್ಲೊಂದರಲ್ಲಿ ಒಬ್ಬ ಸಿಪಾಯಿ ಮೊಣಕಾಲು ಮುಳುಗುವ ನೀರಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದಾನೆ. ಬೆನ್ನ ಮೇಲೆ ಇನ್ನೊಬ್ಬ, ಅವನ ಮುಖ ಇವನ ಕತ್ತಿನಲ್ಲಿ ಹುದುಗಿದೆ. ಹೊತ್ತವನ ಸೊಂಟದ ಎರಡೂ ಬದಿಗೆ ಇಳಿಬಿದ್ದ ಕಾಲುಗಳು ಮೊಣಕಾಲಿನ ಕೆಳಗೆ ಚಿತ್ರದ ಅಂಚಿಗೆ ಕತ್ತರಿಸಿಹೋಗಿವೆ. ಅಡಿಯಲ್ಲಿ ಒಂದು ಸಾಲು, 'ಗಾಯಗೊಂಡ ಸಂಗಾತಿಯನ್ನು ಹೊತ್ತು ಹೊಳೆ ದಾಟುತ್ತಿರುವ ಸೈನಿಕ.' ಹೆಸರಿಲ್ಲ.

ಅಣ್ಣ ಪುಸ್ತಕ ತಂದು ಇವರ ಮನೆಯ ಮೇಜಿನ ಮೇಲೆ ಬಿಚ್ಚಿ, "ಭಾವ, ನೋಡಿಲ್ಲಿ. ನಾನು ನಿನ್ನ ಹೊತ್ಕೊಂಡು ಬರ್ತಿದೀನಿ," ಎಂದ.

ಗಂಡ ನಕ್ಕ. "ತಲೆ ಕೆಟ್ಟಿದೆಯಾ? ಹೊತ್ತಿರೋನು ನಾನು. ಮೇಲೆ ಮೂಟೆ ಥರ ಬಿದ್ಕೊಂಡಿರೋನು ನೀನು."

ನಗು ಅಲ್ಲಿಗೇ ಮುಗಿಯಿತು. ಅಣ್ಣನ ಪ್ರಕಾರ, ಶೆಲ್ ಸಿಡಿದು ಪ್ರಜ್ಞೆ ತಪ್ಪಿದ ಭಾವನನ್ನು ಅವನು ಹೊತ್ತು ದಾಟಿಸಿದ, ತೊಡೆಗೆ ಗುಂಡು ಬಿದ್ದದ್ದು ಆಚೆ ದಡ ಮುಟ್ಟಿದ ಮೇಲೆ. ಗಂಡನ ಪ್ರಕಾರ ಗುಂಡು ಬಿದ್ದದ್ದು ಈಚೆ ದಡದಲ್ಲೇ, ತೊಡೆಯಲ್ಲಿ ಗುಂಡಿಟ್ಟುಕೊಂಡು ಹೊಳೆಯ ಮಾತಿರಲಿ ಚರಂಡಿ ದಾಟಲೂ ಆಗದವನನ್ನು ಇವನು ಹೊತ್ತ, ಶೆಲ್ ಸಿಡಿದದ್ದು ಆಮೇಲೆ. ಒಂದು ಗುಂಡು ಹೊಳೆಯ ಈಚೆ ಬಿತ್ತೋ ಆಚೆ ಬಿತ್ತೋ, ಅಷ್ಟೇ ಪ್ರಶ್ನೆ. ಅಷ್ಟಕ್ಕೆ ಒಂದು ತವರು ಮುಚ್ಚಿಹೋಯಿತು. ಅಂದು ಅಣ್ಣ ಎದ್ದು ಹೋದವನು ಮತ್ತೆ ಈ ಮನೆಗೆ ಕಾಲಿಡಲಿಲ್ಲ. ಗಂಡನ ಬಾಯಲ್ಲಿ ಅವನು 'ಕುಂಟ'ನಾದ, ಅವನ ಬಾಯಲ್ಲಿ ಇವನು 'ಒಂಟಿಕಿವಿ'.

ಅಮ್ಮ ಸತ್ತಾಗ ಅಣ್ಣ ಗೇಟಿನಲ್ಲಿ ನಿಂತು, "ಒಂಟಿಕಿವಿ ರಸ್ತೇಲೇ ನಿಂತಿರಲಿ. ನನ್ನ ತಾಯಿ ಮುಖ ನೋಡೋ ಯೋಗ್ಯತೆ ಫೋಟೋ ಕಳ್ಳನಿಗಿಲ್ಲ," ಎಂದ. ಇವಳು ಒಬ್ಬಳೇ ಒಳಗೆ ಹೋಗಿ ಅತ್ತು ಬಂದಳು. ದಾರಿಯುದ್ದಕ್ಕೂ ಗಂಡ, "ಕುಂಟನ ಮುಂದೆ ಅತ್ಯಾ? ಅಲ್ಲಿ ಯಾಕೆ ಅತ್ತೆ?" ಎಂದು ಪ್ರಾಣ ತಿಂದ. ತಾಯಿ ಸತ್ತರೆ ಎಲ್ಲಿ ಅಳಬೇಕು ಎಂಬುದಕ್ಕೂ ಈ ಮನುಷ್ಯನ ಅಪ್ಪಣೆ ಬೇಕಾಗಿತ್ತು!

ಗಂಡನಿಗೆ ಆ ಪುಸ್ತಕ ಸಾಲದಾಯಿತು. ಯುದ್ಧದ ಮೇಲೆ ಬಂದ ಪುಸ್ತಕ ಯಾವುದೇ ಇರಲಿ, ತಂದು ಗುಡ್ಡೆ ಹಾಕಿದ. ಸೇನಾಪತಿಗಳ ಆತ್ಮಕಥೆ, ಸೆರೆ ಸಿಕ್ಕವರ ನೆನಪುಗಳು, ದಾದಿಯರು ಬರೆದದ್ದು, ಶತ್ರುಪಾಳಯದವರು ಬರೆದದ್ದು. ಬೀಗದ ಕೈಗೆ ಅರ ಹಾಕುವ ಕೆಲಸ ಬಿಟ್ಟು ಕನ್ನಡಕ ಏರಿಸಿಕೊಂಡು ಓದಿದ, ಓದಿ ಬೈದ. "ಸೇನಾಪತಿ ಬರೆದ ಪುಸ್ತಕದಲ್ಲಿ ಯಾರಿಗೂ ಹೊಟ್ಟೆ ಹಸಿಯಲ್ಲ ನೋಡು. ಸಿಪಾಯಿ ಬರೆದಿದ್ದರಲ್ಲಿ ಹೊಟ್ಟೆ ಬಿಟ್ಟು ಬೇರೇನೂ ಇಲ್ಲ." ಇದೊಂದು ಮಾತು ಅವಳಿಗೂ ಸರಿಯೆನ್ನಿಸುತ್ತಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚು ಅವನ ಹೊಟ್ಟೆ ಉರಿಸಿದ್ದು ಆ ದೊಡ್ಡ ಪುಸ್ತಕದ ಒಂದು ವಾಕ್ಯ, 'ಎಲ್ಲ ತುಕಡಿಗಳಿಗೂ ಚಳಿಗಾಲದ ಬೂಟುಗಳನ್ನು ಸಕಾಲದಲ್ಲಿ ಹಂಚಲಾಗಿತ್ತು.' ಕೆಂಪು ಪೆನ್ನಿನಿಂದ ಗೀಚಿ ಗೀಚಿ ಆ ಜಾಗದಲ್ಲಿ ಕಾಗದವೇ ತೂತಾಗಿತ್ತು. ಅತ್ತ ಅಣ್ಣನೂ ಅದೇ ವಾಕ್ಯ ಹಿಡಿದು ಪುಸ್ತಕ ಬರೆದವರಿಗೆ ಪತ್ರದ ಮೇಲೆ ಪತ್ರ ಬರೆದು, 'ನನ್ನ ಬೆರಳು ವಾಪಸ್ ಕೊಡಿ' ಎಂದು ಕೇಳಿದ್ದನಂತೆ. ಅತ್ತಿಗೆ ಒಮ್ಮೆ ಕಾಗದ ಜೆರಾಕ್ಸ್ ಮಾಡಿಸುವ ನೆಪದಲ್ಲಿ ಬಂದು ಹೇಳಿದ್ದಳು. ಹಾವು ಮುಂಗುಸಿಯಂತಿದ್ದ ಇಬ್ಬರೂ ಜಗತ್ತಿನಲ್ಲಿ ಒಪ್ಪುತ್ತಿದ್ದದ್ದು ಆ ಒಂದು ಸಂಗತಿ, ಬೂಟು ಬರಲಿಲ್ಲ.

ಫೋಟೋವನ್ನಂತೂ ಅವಳು ಎಷ್ಟು ಸಲ ಜೆರಾಕ್ಸ್ ಮಾಡಿಕೊಟ್ಟಿದ್ದಳೋ ಲೆಕ್ಕವಿಲ್ಲ. ದೊಡ್ಡದು ಮಾಡು ಎನ್ನುತ್ತಿದ್ದ ಗಂಡ. ಅದನ್ನು ದೊಡ್ಡದು ಮಾಡಿದರೆ, ಇನ್ನೂ ದೊಡ್ಡದು ಎನ್ನುತ್ತಿದ್ದ. ಮಾಡಿದಷ್ಟೂ ಅಲ್ಲಿ ಮುಖ ಹುಟ್ಟುತ್ತಿರಲಿಲ್ಲ, ಬರೀ ಕರಿ ಚುಕ್ಕೆಗಳು ಬರುತ್ತಿದ್ದವು. ಆ ಚುಕ್ಕೆಗಳಲ್ಲಿ ಅವನಿಗೆ ಅವನ ಮುಖವೇ ಕಾಣುತ್ತಿತ್ತು.

ಈ ವರ್ಷ ಪುಸ್ತಕದ ಹೊಸ ಮುದ್ರಣ ಬರುವುದಿತ್ತು. ಬರೆದವರು ತೀರಿಕೊಂಡಿದ್ದರು, ಪ್ರಕಾಶನದ ಸಂಪಾದಕಿಯೊಬ್ಬಳು ಕೆಲಸ ವಹಿಸಿಕೊಂಡಿದ್ದಳು. ಹೊತ್ತವನು ತಾನೇ ಎಂದು ಇಬ್ಬರೂ ಹಿಂದೆ ಪ್ರಕಾಶನಕ್ಕೆ ಬರೆದಿದ್ದರಿಂದ ಅವಳು ಎರಡೂ ಮನೆಗೆ ಫೋನ್ ಮಾಡಿದಳು. ಫೋಟೋ ತೆಗೆದವನ ಮನೆಯಲ್ಲಿ ಮೂಲ ನೆಗೆಟಿವ್ ಸಿಕ್ಕಿದೆ, ಚಿತ್ರ ಪೂರ್ತಿ ಬಂದಿದೆ, ಈ ಸಲ ಅಡಿಯಲ್ಲಿ ಹೆಸರು ಹಾಕಬೇಕು. "ನೀವಿಬ್ಬರೂ ಒಂದೇ ಕಡೆ ಕೂತು ನೋಡಿ ಹೇಳ್ಬೇಕು. ಆಗಲ್ಲ ಅಂದ್ರೆ ಮೊದಲಿನ ಹಾಗೆ ಹೆಸರಿಲ್ಲದೆ ಹಾಕ್ತೀವಿ," ಎಂದಳು. ತಾಯಿ ಸತ್ತಾಗ ಕರಗದ ಅಣ್ಣ ಈ ಮಾತಿಗೆ ಕರಗಿದ.

ಗೊತ್ತುಮಾಡಿದ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಡ್ರೈವಿಂಗ್ ಸ್ಕೂಲಿನ ಕಾರು ನಿಂತಿತು. ಅಣ್ಣ ಇಳಿದ. ಮುದುಕನಾಗಿದ್ದ. "ಬಾ ಅಣ್ಣ," ಎಂದಳು.

"ಬರ್ತೀನಿ. ಬಂದು ಹೇಳೋದು ಹೇಳಿ ಹೋಗ್ತೀನಿ. ಊಟ ಗೀಟ ಅಂತ ನಾಟಕ ಇಟ್ಕೋಬೇಡ."

"ನನ್ನ ಮನೇಲಿ ಒಂದು ತುತ್ತು ತಿಂದ್ರೆ ನಿನ್ನ ಗಂಟು ಏನು ಹೋಗುತ್ತೆ?"

"ಇದು ನಿನ್ನ ಮನೆಯಲ್ಲ, ಒಂಟಿಕಿವಿ ಮನೆ. ಅವನ ಅನ್ನ ತಿಂದ್ರೆ ನನಗೆ ವಾಂತಿ ಬರುತ್ತೆ."

ಒಳಗಿನಿಂದ ಗಂಡನ ಸ್ವರ ಬಂತು. "ಯಾರೇ ಅದು? ಮೊದಲೇ ಕುಂಟ, ಹೊಸ್ತಿಲು ಎಡವೀತು, ನೋಡ್ಕೊಂಡು ಬರೋಕೆ ಹೇಳು."

ಒಳಗೆ ಊಟದ ಮೇಜು. ಗಂಡನ ಬಲಕ್ಕಿದ್ದ ಕುರ್ಚಿ ಅವಳದು. ಎಡಗಿವಿ ಕೇಳಿಸದ ಗಂಡನ ಜೊತೆ ಬಾಳುವವಳು ಬಲಕ್ಕೇ ಕೂರಬೇಕು, ಬಲಕ್ಕೇ ಮಲಗಬೇಕು, ರಸ್ತೆಯಲ್ಲಿ ಬಲಕ್ಕೇ ನಡೆಯಬೇಕು. ಅದು ಅವಳಿಗೆ ಉಸಿರಾಟದಷ್ಟು ಅಭ್ಯಾಸವಾಗಿತ್ತು. ಅಣ್ಣ ಬೇಕೆಂದೇ ಎಡಕ್ಕೆ ಹೋಗಿ ಕೂತ. "ನನ್ನ ಮಾತು ಕೇಳಿಸಿಕೊಳ್ಳೋ ಅರ್ಹತೆ ಇರೋರಿಗೆ ಮಾತ್ರ ಕೇಳಿಸಲಿ," ಎಂದ. ಸಂಪಾದಕಿ ಅಷ್ಟರಲ್ಲಿ ಬಂದಳು. ಚುರುಕಿನ ಹೆಂಗಸು, ಹೆಗಲಿಗೆ ದೊಡ್ಡ ಚೀಲ, ಕಣ್ಣಲ್ಲಿ ಅವಸರ. ಅವಳು ಎದುರು ಕೂತು ರಟ್ಟಿನ ಹೊದಿಕೆ ಬಿಚ್ಚುತ್ತಿದ್ದಂತೆ ಜೆರಾಕ್ಸ್ ಅಕ್ಕ ಚಹಾ ಮಾಡಲು ಅಡಿಗೆಮನೆಗೆ ಹೋದಳು. ತಟ್ಟೆ ಲೋಟ ಹಾರುವುದಾದರೆ ಕೈಗೆ ಸಿಗುವಷ್ಟು ದೂರದಲ್ಲಿ ಇರಬಾರದು ಎಂಬುದು ಅವಳ ಲೆಕ್ಕಾಚಾರ.

ಏನೂ ಹಾರಲಿಲ್ಲ. ಮೇಜಿನ ಕಡೆಯಿಂದ ಸದ್ದೇ ಬರಲಿಲ್ಲ. ಚಹಾ ಉಕ್ಕಿ ಇಳಿಯಿತು, ಆಗಲೂ ಇಲ್ಲ. ಇಬ್ಬರಿಗೂ ಒಟ್ಟಿಗೇ ಎದೆ ನಿಂತಿತೋ ಏನೋ ಎಂದು ಹೆದರಿ ಅವಳು ಲೋಟಗಳಿಗೆ ಬಗ್ಗಿಸುವುದನ್ನು ಬಿಟ್ಟು ಕಿವಿಗೊಟ್ಟಳು.

ಗಂಡ ಕೆಮ್ಮಿದ. "ಹೊತ್ತಿರೋದು... ಅವನು," ಎಂದ.

ಅವಳ ಕೈಯಲ್ಲಿದ್ದ ಸೌಟು ಜಾರಿತು.

"ಛೇ, ಇಲ್ಲ," ಎಂದ ಅಣ್ಣ. "ಹೊತ್ತಿರೋದು ಭಾವ. ನನಗೀಗ ಸರಿಯಾಗಿ ಕಾಣ್ತಿದೆ. ಭುಜ ನೋಡಿ, ಭಾವನದೇ."

"ಅಲ್ಲ ಭಾವ, ಅದು ನಿನ್ನ ಭುಜ."

"ನಿಂದೇ ಭಾವ."

ಭಾವ! ಈ ಮನೆಯ ಗೋಡೆಗಳು ಆ ಮಾತು ಕೇಳಿ ಒಂದು ತಲೆಮಾರೇ ಕಳೆದಿತ್ತು. ಅವಳು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗ ಕಣ್ಣು ಮಂಜಾಗಿ ಅವರಿಬ್ಬರೂ ಸರಿಯಾಗಿ ಕಾಣಲೇ ಇಲ್ಲ. ಹೊತ್ತವನು ನಾನು ಎಂದು ಊರಿಗೆಲ್ಲ ಸಾರಿದ್ದ ಇಬ್ಬರು, ಈಗ ಹೊತ್ತವನು ನೀನು, ನೀನು ಎಂದು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದರು. ಸಂಪಾದಕಿ ಬಾಯಿ ಬಿಟ್ಟುಕೊಂಡು ಒಮ್ಮೆ ಇವನನ್ನು ಒಮ್ಮೆ ಅವನನ್ನು ನೋಡುತ್ತಿದ್ದಳು.

"ಒಂದು ಕೆಲಸ ಮಾಡಿ," ಎಂದ ಗಂಡ. "ಇಬ್ಬರೂ ಸರದಿ ಮೇಲೆ ಒಬ್ಬರನ್ನೊಬ್ಬರು ಹೊತ್ತರು ಅಂತ ಹಾಕಿ. ಇಬ್ಬರ ಹೆಸರೂ ಹಾಕಿ."

"ಅದೇ ಸರಿ," ಎಂದ ಅಣ್ಣ. "ಅದೇ ನಿಜ."

"ಅಣ್ಣ, ಊಟ ಮಾಡ್ಕೊಂಡು ಹೋಗು," ಎಂದಳು ಅವಳು, ಆದೀತೋ ಆಗದೋ ಎಂದು ಅಳುಕುತ್ತ.

"ಹಾಕು. ಮಾಡಿಯೇ ಹೋಗ್ತೀನಿ."

ಅವಳಿಗೆ ನೆಲ ಕಾಲಿಗೆ ಸಿಗಲಿಲ್ಲ. ದೇವರು ಕಣ್ಣು ಬಿಟ್ಟ ಎಂದುಕೊಂಡಳು. ಸಂಪಾದಕಿ ಫೋಟೋವನ್ನು ಅವಳ ಕೈಗಿಟ್ಟು, "ಅಕ್ಕ, ಒಂದು ಕಾಪಿ ತೆಗೆದುಕೊಡ್ತೀರಾ? ಇಬ್ಬರೂ ಅದರ ಮೇಲೆ ಬರೆದು ಸಹಿ ಹಾಕಲಿ," ಎಂದಳು. ಅದನ್ನೆತ್ತಿಕೊಂಡು ಅವಳು ಅಂಗಡಿಗೆ ಹಾರಿಕೊಂಡೇ ಹೋದಳು.

ಯಂತ್ರದ ಮುಚ್ಚಳ ಎತ್ತಿ, ಗಾಜು ಒರೆಸಿ, ಫೋಟೋ ಇಡುವಾಗ ಒಮ್ಮೆ ನೋಡಿದಳು. ಎಷ್ಟು ಸ್ಪಷ್ಟವಾಗಿತ್ತು! ಚುಕ್ಕೆಗಳಿರಲಿಲ್ಲ. ನೀರಿನ ಅಲೆ, ಹೊತ್ತವನ ಕತ್ತಿನ ನರ, ಅದಕ್ಕೆ ಒತ್ತಿಕೊಂಡ ಬೆನ್ನ ಮೇಲಿನವನ ಮುಖದ ಒಂದು ಬದಿ, ಅರ್ಧ ತೆರೆದ ಬಾಯಿ. ಮೀಸೆ ಕೂಡ ಸರಿಯಾಗಿ ಮೂಡದ ಹುಡುಗ. ಪುಸ್ತಕದಲ್ಲಿ ಕತ್ತರಿಸಿಹೋಗಿದ್ದ ಕಾಲುಗಳೂ ಈಗ ಪಾದದವರೆಗೆ ಇದ್ದವು.

ಪಾದದಲ್ಲಿ ಬೂಟು ಇತ್ತು.

ದಪ್ಪ ಅಟ್ಟೆಯ, ಮೀನಖಂಡದ ತನಕ ಲೇಸು ಬಿಗಿದ, ಚಳಿಗಾಲದ ಹೊಸ ಚರ್ಮದ ಬೂಟು. ಅವಳು ಫೋಟೋವನ್ನು ಬೆಳಕಿಗೆ ಹಿಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿ ನೋಡಿದಳು. ಬೂಟು ಬೂಟೇ. ಫೋಟೋದಲ್ಲಿದ್ದವರು ಇವರಲ್ಲ. ಹೊತ್ತವನು ಅಣ್ಣನಲ್ಲ, ಗಂಡನಲ್ಲ. ಹೊರಿಸಿಕೊಂಡವನೂ ಅಲ್ಲ. ಬೇರೆ ಯಾವುದೋ ತುಕಡಿಯ, ಬೂಟು ಸಿಕ್ಕ ಯಾರೋ ಇಬ್ಬರು. ಯಾರ ಮಕ್ಕಳೋ, ಯಾರ ಅಣ್ಣಂದಿರೋ. ಈ ಇಬ್ಬರ ಮುಖ ಕಾಣದ ಚಿತ್ರ ಮಧ್ಯೆ ಇಟ್ಟುಕೊಂಡು ತನ್ನ ಮನೆಯ ಎರಡು ಕತ್ತೆಗಳು ಮೂವತ್ತು ವರ್ಷ ಒದ್ದಾಡಿದವು.

ಅಡಿಗೆಮನೆಯಲ್ಲಿ ಕೇಳಿದ ಆ ಮೌನ ಆಗ ಅವಳಿಗೆ ಅರ್ಥವಾಯಿತು. ಅವರು ನೋಡಿದ್ದರು. ಇಬ್ಬರೂ ಒಟ್ಟಿಗೇ ನೋಡಿದ್ದರು. ಫೋಟೋ ಕೈಬಿಟ್ಟು ಹೋಗುತ್ತದೆ ಎಂದು ಗೊತ್ತಾದ ಕ್ಷಣಕ್ಕೆ ಭಾವನ ನೆನಪಾಯಿತು. ತಾಯಿ ಹೆಣದ ಮುಂದೆ ಬಾಯಿಗೆ ಬಾರದ ಭಾವ ಬೂಟಿನ ಮುಂದೆ ಬಂದ.

ಅವಳು ಯಂತ್ರದ ಗುಂಡಿ ಒತ್ತಿದಳು. ಹಸಿರು ಬೆಳಕು ಗಾಜಿನ ಕೆಳಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಬಾಯಿಗೆ ಬೀಗ ಹಾಕಿಕೊಂಡರೆ ಎಲ್ಲ ಸುಖ. ಅಣ್ಣ ಉಣ್ಣುತ್ತಾನೆ, ನಾಳೆಯೂ ಬರುತ್ತಾನೆ, ತವರು ತೆರೆಯುತ್ತದೆ. ಬೇಡಿದ್ದು ಇದನ್ನೇ ಅಲ್ಲವೇ? ಅವಳು ಬೀಗ ಹಾಕಿಕೊಳ್ಳಲು ಪ್ರಯತ್ನಪಟ್ಟಳು, ನಿಜಕ್ಕೂ ಪಟ್ಟಳು. ಆಗಲಿಲ್ಲ. ಸತ್ಯದ ಮೇಲಿನ ಪ್ರೀತಿಯಿಂದ ಅವಳು ಮಾತಾಡಿದಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಟ್ಟೆ ಉರಿದು ಮಾತಾಡಿದಳು.

ಒಳಗೆ ಹೋಗಿ ಫೋಟೋವನ್ನೂ ಕಾಪಿಯನ್ನೂ ಮೇಜಿನ ಮೇಲೆ ಬಡಿದಳು. "ರೀ, ಬೂಟು."

"ಏನು ಬೂಟು?" ಎಂದ ಗಂಡ, ಕೇಳಿಸದವನಂತೆ. ಅವಳು ನಿಂತಿದ್ದದ್ದು ಅವನ ಬಲಕ್ಕೆ.

"ಕಾಲಲ್ಲಿ ಬೂಟಿದೆ. ನಿಮ್ಮಿಬ್ಬರಿಗೂ ಬೂಟು ಬರಲಿಲ್ಲ. ಮದುವೆಯಾದಾಗಿಂದ ಕೇಳ್ತಾ ಬಂದಿದೀನಿ, ಬೂಟು ಬರಲಿಲ್ಲ, ಬೂಟು ಬರಲಿಲ್ಲ. ಇವರು ನೀವಲ್ಲ ಕಣ್ರೀ. ನೀವು ನೋಡಿದೀರಿ. ಅಣ್ಣ, ನೀನೂ ನೋಡಿದೀಯ."

ಸಂಪಾದಕಿ ಪೆನ್ನು ಕೆಳಗಿಟ್ಟಳು. "ಬೂಟು ಇರಲಿಲ್ವಾ? ಪುಸ್ತಕದಲ್ಲಿ ಎಲ್ಲ ತುಕಡಿಗೂ ಹಂಚಿದ್ರು ಅಂತ ಇದೆಯಲ್ಲ?"

ಗಂಡ ಅಣ್ಣನನ್ನು ನೋಡಿದ. ಅಣ್ಣ ಗಂಡನನ್ನು ನೋಡಿದ.

"ಹೌದಲ್ಲ," ಎಂದ ಗಂಡ. "ಪುಸ್ತಕದಲ್ಲೇ ಇದೆ. ಹಂಚಿದ್ರು."

"ಸ್ವಲ್ಪ ತಡವಾಗಿ ಬಂತು, ಆದ್ರೆ ಬಂತು," ಎಂದ ಅಣ್ಣ. "ಹೊಳೆ ದಾಟೋ ಹೊತ್ತಿಗೆ ಎಲ್ಲರ ಕಾಲಲ್ಲೂ ಇತ್ತು."

ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕೆಂಪು ಪೆನ್ನಿನಲ್ಲಿ ಗೀಚಿ ತೂತು ಮಾಡಿದ ವಾಕ್ಯಕ್ಕೇ ಇಬ್ಬರೂ ನೇತುಬಿದ್ದಿದ್ದರು. "ಅಣ್ಣ," ಎಂದಳು. "ಕಾಲು ಈಚೆ ಚಾಚು. ಎಡಗಾಲು ಇವರಿಗೆ ತೋರಿಸು."

"ಏನೇ ಮಾತಾಡ್ತೀಯ?"

"ತೋರಿಸು! ಬೂಟು ಬಂದಿದ್ರೆ ಆ ಎರಡು ಬೆರಳು ಎಲ್ಲಿಗೆ ಹೋದ್ವು?"

ಅಣ್ಣ ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. "ಅದು ಸಕ್ಕರೆ ಕಾಯಿಲೆಗೆ ಹೋಗಿದ್ದು," ಎಂದ ಸಂಪಾದಕಿಯತ್ತ ತಿರುಗಿ. "ಇತ್ತೀಚೆಗೆ. ಆಸ್ಪತ್ರೆಯಲ್ಲಿ ತೆಗೆದ್ರು."

"ಸಕ್ಕರೆ ಕಾಯಿಲೆ! ನಾಲಿಗೆ ಬಿದ್ದುಹೋಗಲ್ವಾ ನಿನಗೆ? ನನ್ನ ತೊಡೆ ಮೇಲೆ ಆ ಕಾಲು ಇಟ್ಕೊಂಡು ಔಷಧಿ ಹಚ್ಚಿದವಳು ನಾನು. ಆ ನಾತ ಇನ್ನೂ ಮೂಗಲ್ಲಿದೆ. ಅಮ್ಮ ಅದನ್ನ ನೋಡಿ ಊಟ ಬಿಟ್ಟಳು. ಈಗ ಒಂದು ಫೋಟೋಗೋಸ್ಕರ ನಿನ್ನ ಕಾಲನ್ನೇ ಸುಳ್ಳು ಮಾಡ್ತೀಯಾ?"

"ಬಾಯಿ ಮುಚ್ಚೇ!" ಗಂಡ ಮೇಜು ಗುದ್ದಿದ. "ಯುದ್ಧಕ್ಕೆ ಹೋದವರು ನಾವಾ ನೀನಾ? ಜೆರಾಕ್ಸ್ ಅಂಗಡೀಲಿ ಕೂತವಳಿಗೆ ಹೊಳೆ ಗೊತ್ತಾ, ಗುಂಡು ಗೊತ್ತಾ?"

"ಅವಳಿಗೆ ನಾವು ಒಂದಾಗೋದು ಬೇಕಾಗಿಲ್ಲ ಭಾವ," ಎಂದ ಅಣ್ಣ. "ಈಗ ಗೊತ್ತಾಯ್ತು ನನಗೆ. ಇಷ್ಟು ವರ್ಷ ಮಧ್ಯೆ ನಿಂತು ಬೆಂಕಿ ಹಚ್ಚಿದ್ದು ಯಾರು ಅಂತ."

"ನಾನೂ ಅದನ್ನೇ ಯೋಚಿಸ್ತಿದ್ದೆ ಭಾವ."

ಎರಡು ಮನೆಯ ನಡುವೆ ಅಡ್ಡಾಡಿ ಸವೆದವಳು ಅವಳು, ಇಬ್ಬರ ಬೈಗುಳವನ್ನೂ ಅರ್ಧಕ್ಕರ್ಧ ನುಂಗಿ ಇನ್ನೊಬ್ಬನಿಗೆ ಮುಟ್ಟದಂತೆ ನೋಡಿಕೊಂಡವಳು. ಸಂಪಾದಕಿ ಕಡೆ ತಿರುಗಿದಳು. "ನೀವು ಓದಿದವರು. ನೀವೇ ಹೇಳಿ. ಈ ಹುಡುಗನಿಗೂ ಒಂದು ಮನೆ ಇರುತ್ತೆ ಅಲ್ವಾ? ಇವನ ಹೆಸರು ಹುಡುಕೋರು ಎಲ್ಲೋ ಇರ್ತಾರೆ ಅಲ್ವಾ?"

ಸಂಪಾದಕಿ ಫೋಟೋ ನೋಡಿದಳು, ಅಣ್ಣನ ಕುರ್ಚಿಯ ಕೆಳಗೆ ನೋಡಿದಳು. ಆಮೇಲೆ ಗಡಿಯಾರ ನೋಡಿದಳು. "ಅಕ್ಕ, ಬೂಟು ಬಂದಿರಲಿಲ್ಲ ಅಂದ್ರೆ ನಾನು ಆ ಅಧ್ಯಾಯವನ್ನೇ ತಿದ್ದಬೇಕಾಗುತ್ತೆ. ಬರೆದವರು ಈಗಿಲ್ಲ. ಅಲ್ಲಿದ್ದವರು ಇವರಿಬ್ಬರೂ ಇತ್ತು ಅಂತಿದಾರೆ. ಅಲ್ಲಿ ಇಲ್ಲದ ನೀವು ಇಲ್ಲ ಅಂತಿದೀರಿ. ನಾನು ಯಾರ ಮಾತು ಹಾಕಲಿ?"

ಇಬ್ಬರೂ ಕಾಪಿಯ ಮೇಲೆ ಬರೆದು ಸಹಿ ಹಾಕಿದರು. ಗಂಡ ಸಹಿ ಹಾಕುವಾಗ ಅಣ್ಣ ಕಾಗದ ಜಾರದಂತೆ ಹಿಡಿದುಕೊಂಡ. ಸಂಪಾದಕಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು, ಮುಟ್ಟದ ಚಹಾಕ್ಕೆ ಥ್ಯಾಂಕ್ಸ್ ಹೇಳಿ, ಹೊರಟೇಹೋದಳು.

ಅಣ್ಣನೂ ಎದ್ದು ಹೋಗುತ್ತಾನೆ ಎಂದುಕೊಂಡಳು. ಹೋಗಲಿಲ್ಲ. "ಊಟ ಹಾಕ್ತೀನಿ ಅಂದಿದ್ದೆ," ಎಂದ. "ಹಾಕು."

ಅವಳು ಹಾಕಿದಳು. ಯಾಕೆ ಹಾಕಿದಳೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಕೈ ತಾನಾಗಿ ತಟ್ಟೆ ಇಟ್ಟಿತು, ಬಡಿಸಿತು. ಬೆಳಿಗ್ಗೆ ಬೇಗ ಎದ್ದು, ಅವನು ತಿನ್ನುವುದಿಲ್ಲ ಎಂದು ಗೊತ್ತಿದ್ದೂ, ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿಟ್ಟಿದ್ದಳು. ಅವಳು ಒಳಗಿನಿಂದ ನೀರು ತರುವಷ್ಟರಲ್ಲಿ ಅಣ್ಣ ಜಾಗ ಬದಲಿಸಿದ್ದ. ಗಂಡನಿಗೆ ಕೇಳಿಸಲೆಂದು ಬಲಕ್ಕೆ ಬಂದು ಅವಳ ಕುರ್ಚಿಯಲ್ಲಿ ಕೂತಿದ್ದ. ಗಂಡ ಪೂರ್ತಿ ಆ ಕಡೆ ತಿರುಗಿ ಕಿವಿ ಒಡ್ಡಿದ್ದ.

"ಅಲ್ಲ ಭಾವ, ಇವಳ ಜೊತೆ ಹೇಗಪ್ಪಾ ಇಷ್ಟು ವರ್ಷ ಏಗಿದೆ?"

"ಏನು ಹೇಳಲಿ ಭಾವ. ಒಂದು ಕಿವಿ ಹೋಗಿದ್ದೇ ಪುಣ್ಯ."

ಇಬ್ಬರೂ ನಕ್ಕರು. ಆ ನಗು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಅಕ್ಕಪಕ್ಕದ ಮಂಚದಲ್ಲಿ ನಗುತ್ತಿದ್ದ ಅದೇ ನಗು, ಅದಕ್ಕಾಗಿಯೇ ಅವಳು ಜೀವ ತೇದದ್ದು. ಮೂವತ್ತು ವರ್ಷ ಬೇಡಿದ್ದು ಕಣ್ಣೆದುರು ಕೂತು ಉಣ್ಣುತ್ತಿತ್ತು, ಒಂದೇ ಮೇಜು, ಒಂದೇ ಪಾತ್ರೆ, ಭಾವ, ಭಾವ. ಅವಳಿಗೆ ಇಬ್ಬರ ಮೇಲೂ ಅಸಹ್ಯ ಹುಟ್ಟಿತು.

ಅಣ್ಣ ಬಿಟ್ಟ ಎಡಗಡೆಯ ಕುರ್ಚಿ ಖಾಲಿ ಇತ್ತು. ಅವಳು ಅಲ್ಲಿ ಹೋಗಿ ಕೂತಳು. ಗಂಡನ ಕಿವಿ ಹೋದ ಮೇಲೆ ಆ ಬದಿಗೆ ಅವಳು ಕೂತದ್ದೇ ಇರಲಿಲ್ಲ. ಕೇಳಿಸದ ಆ ಕಿವಿ ಅವಳ ಮುಖದ ಹತ್ತಿರವೇ ಇತ್ತು. ಅವಳು ಅದರ ಕಡೆಗೆ ಬಗ್ಗಿ, ಮೆಲ್ಲಗೆ, ಒಂದೊಂದೇ ಅಕ್ಷರ ಬಿಡಿಸಿ, "ಬೂಟು ಬರಲಿಲ್ಲ ಕಣ್ರೀ," ಎಂದಳು. ಗಂಡ ಅಗಿಯುತ್ತಲೇ ಇದ್ದ.

ಅಣ್ಣನಿಗೆ ಕೇಳಿಸಿತು. ತುತ್ತು ಹಿಡಿದ ಅವನ ಕೈ ತಟ್ಟೆಯ ಮೇಲೆ ನಿಂತಿತು. ಆಮೇಲೆ ಎಡಗಾಲನ್ನು ಕುರ್ಚಿಯ ಕೆಳಗೆ ಇನ್ನಷ್ಟು ಒಳಕ್ಕೆ ಎಳೆದುಕೊಂಡು, ಅವಳ ಮುಖ ನೋಡದೆ, ಉಪ್ಪು ಕೇಳಿದ.